ಕಾಡು ಬಾ ಎನ್ನುವ ಮುನ್ನ ಮನೆಯಲ್ಲೊಂದು ಮಾತು

‘ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ’ ಎಂದು ವೃದ್ಧಾಪ್ಯವನ್ನು ಕುರಿತು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಈ ಗಾದೆಯನ್ನು ಕಟ್ಟಿದ ಪುಣ್ಯಾತ್ಮರು ಒಂದು ಸಂಗತಿಯನ್ನು ಪ್ರಶ್ನೆಯೇ ಇಲ್ಲದೆ ಒಪ್ಪಿಕೊಂಡಿದ್ದರು. ಊರಿಗೂ ಕಾಡಿಗೂ ನಡುವಣ ಅಂತರ ನಾಲ್ಕು ಹೆಗಲುಗಳು ಹೊತ್ತು ನಡೆಯಬಹುದಾದಷ್ಟೇ ಎಂಬುದು ಆ ಸಂಗತಿ. ಹುಟ್ಟಿದ ಮನೆ, ಬಾಳಿದ ಬೀದಿ, ಕೊನೆಗೆ ಸೇರುವ ನೆಲ, ಎಲ್ಲವೂ ಒಂದೇ ಕೆರೆಯ ಸುತ್ತಮುತ್ತ. ಕಲ್ಕತ್ತೆಗೆ ಬಂದು ನೆಲೆಸಿದ ಕನ್ನಡಿಗನ ವಿಷಯದಲ್ಲಿ ಈ ಲೆಕ್ಕ ತಾಳೆಯಾಗುವುದಿಲ್ಲ. ಹೌರಾ ನಿಲ್ದಾಣದಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 2000 ಕಿಲೋಮೀಟರುಗಳ ರೈಲುದಾರಿ. ಮದರಾಸಿನಲ್ಲಿ ಇಳಿದು ಗಾಡಿ ಬದಲಿಸುತ್ತಿದ್ದ ಕಾಲವನ್ನು ಕಂಡವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಹೀಗಿರುವಾಗ ‘ಹೋಗು’ ಎನ್ನಬೇಕಾದ ಊರು ಯಾವುದು, ‘ಬಾ’ ಎನ್ನಬೇಕಾದ ಕಾಡು ಯಾವುದು ಎಂಬ ಪ್ರಶ್ನೆ ಎಂದಾದರೊಂದು ದಿನ ಪ್ರತಿಯೊಂದು ಮನೆಯಲ್ಲೂ ಏಳುತ್ತದೆ. ಸಾಮಾನ್ಯವಾಗಿ ಅದು ಏಳುವುದು ಅಳುವಿನ ಗಳಿಗೆಯಲ್ಲಿ, ನಡುರಾತ್ರಿಯಲ್ಲಿ, ಯೋಚಿಸುವ ಶಕ್ತಿ ಯಾರಿಗೂ ಉಳಿದಿರದ ಹೊತ್ತಿನಲ್ಲಿ. ಅದು ನಗುವಿನ ಗಳಿಗೆಯಲ್ಲೇ ಎದ್ದರೆ ಎಷ್ಟು ಲೇಸು ಎಂಬುದು ಈ ಲೇಖನದ ವಿಷಯ.

ಲೇಕ್ ಮಾರ್ಕೆಟಿನ ಆಸುಪಾಸಿನಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಓದುಗರಿಗೆ ಅದು ಅಪರಿಚಿತವಾಗಿ ತೋರಲಾರದು. ಹಾಸನದ ಕಡೆಯಿಂದ ಬಂದ ಯಜಮಾನರಿಗೆ ಎಪ್ಪತ್ತೆಂಟು. ಸೆಣಬಿನ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಧಾರವಾಡದ ಕಡೆಯ ಗೃಹಿಣಿಗೆ ಎಪ್ಪತ್ತೆರಡು. ಮಗ ಇಲ್ಲೇ ನೌಕರಿಯಲ್ಲಿದ್ದಾನೆ. ಸೊಸೆ ಬಂಗಾಳಿ ಮನೆತನದವಳು. ಮಾವನವರನ್ನು ‘ಬಾಬಾ’ ಎಂದೂ ಅತ್ತೆಯನ್ನು ‘ಮಾ’ ಎಂದೂ ಕರೆಯುತ್ತ, ಹನ್ನೆರಡು ವರ್ಷಗಳಲ್ಲಿ ಅತ್ತೆಯ ಧಾರವಾಡದ ಕನ್ನಡವನ್ನೂ ಮಾವನ ಹಾಸನದ ಕನ್ನಡವನ್ನೂ ಬೆರೆಸಿ ಮೂರನೆಯದೊಂದು ಕನ್ನಡವನ್ನು ಸೃಷ್ಟಿಸಿಕೊಂಡಿದ್ದಾಳೆ. ಮಗಳು ಬೆಂಗಳೂರಿನಲ್ಲಿ, ಪ್ರತಿ ಭಾನುವಾರ ಫೋನಿನಲ್ಲಿ ಹಾಜರಿ. ಹತ್ತು ವರ್ಷದ ಮೊಮ್ಮಗ ಎಲ್ಲ ಮಾತಿಗೂ ಕಿವಿಗೊಡುತ್ತಾನೆ, ಕೊಡಬಾರದ ಮಾತಿಗಂತೂ ಎರಡೂ ಕಿವಿಗಳನ್ನು ಕೊಡುತ್ತಾನೆ.

ಕಲ್ಕತ್ತೆಯ ಚಳಿ ಹೆಚ್ಚೇನೂ ಅಲ್ಲ. ಆದರೆ ನವೆಂಬರು ಕಾಲಿಟ್ಟೊಡನೆ ಇಲ್ಲಿನ ವೃದ್ಧರು ಕತ್ತು ಕಿವಿಗಳನ್ನು ಮುಚ್ಚುವ ಮಂಕಿಕ್ಯಾಪ್ ಧರಿಸುವುದು ಸರ್ವವಿದಿತ. ಯಜಮಾನರೂ ಈ ವಿಷಯದಲ್ಲಿ ಸಂಪೂರ್ಣ ಬಂಗಾಳಿಯಾಗಿದ್ದಾರೆ. ಒಂದು ಬೆಳಿಗ್ಗೆ ರವೀಂದ್ರ ಸರೋವರದ ಸುತ್ತಾಟ ಮುಗಿಸಿ ಬಂದು ಟೋಪಿ ತೆಗೆಯುತ್ತ ಅವರು ಹೇಳಿದರು: “ಇವತ್ತು ಬೆಂಚಿನ ಮೇಲೆ ನಾವು ಐದೇ ಜನ. ಕಳೆದ ವರ್ಷ ಎಂಟಿದ್ದೆವು. ಖಾತೆಗಳು ಒಂದೊಂದಾಗಿ ಕ್ಲೋಸ್ ಆಗುತ್ತಿವೆ.”

ಗೃಹಿಣಿ ಕಾಫಿಯ ಲೋಟ ಮುಂದಿಟ್ಟು, “ನಿಮ್ಮ ಖಾತೆಗೆ ಇನ್ನೂ ಅವಧಿ ತುಂಬಿಲ್ಲ ರೀ, ಸುಮ್ಮನೆ ಕಾಫಿ ಕುಡೀರಿ” ಎಂದರು.

“ಅವಧಿ ಎಂದೋ ತುಂಬಿದೆ ಕಣೇ. ಈಗ ನಡೆಯುತ್ತಿರುವುದು ಆಟೊ-ರಿನ್ಯೂವಲ್.”

ಮೊಮ್ಮಗ ಕೇಳಿದ: “ತಾತ, ಕ್ಲೋಸ್ ಆದವರು ಎಲ್ಲಿಗೆ ಹೋಗುತ್ತಾರೆ?”

ಇಂಥ ಪ್ರಶ್ನೆ ಬಂದಾಗ ನಮ್ಮ ಬಹುತೇಕ ಮನೆಗಳಲ್ಲಿ ಮಗುವಿಗೆ ಒಂದು ಗದರಿಕೆ ಬೀಳುತ್ತದೆ. ‘ಬಿಡ್ತು ಅನ್ನು’ ಎಂಬ ಉಪಚಾರ ನಡೆಯುತ್ತದೆ. ಮಾತು ತಿಂಡಿಯ ಕಡೆಗೆ ತಿರುಗುತ್ತದೆ. ಮರಣವೆಂಬ ಪದವನ್ನು ನೇರವಾಗಿ ಉಚ್ಚರಿಸದಿರಲು ಕನ್ನಡವು ಎಷ್ಟೊಂದು ಮಾತುಗಳನ್ನು ಕೂಡಿಟ್ಟಿದೆ! ಕೈಲಾಸವಾಸಿ, ವೈಕುಂಠವಾಸಿ, ಲಿಂಗೈಕ್ಯ, ಶಿವನ ಪಾದ ಸೇರಿದರು, ತೀರಿಕೊಂಡರು, ಹೋಗಿಬಿಟ್ಟರು. ತಲುಪುವ ಸ್ಥಳಕ್ಕೆ ಇಷ್ಟೊಂದು ಹೆಸರುಗಳಿರುವಾಗ ಹೊರಡುವ ಸ್ಥಳದ ಬಗ್ಗೆ ಮಾತ್ರ ಮೌನವೇಕೆ? ಆ ದಿನ ಆ ಮನೆಯಲ್ಲಿ ಮಾತು ತಿರುಗಲಿಲ್ಲ. ಸೊಸೆಯೇ ಉತ್ತರ ಕೊಟ್ಟಳು: “ಈ ಪಾಡಾದವರೆಲ್ಲ ಕೇವಡಾತಲಾಕ್ಕೆ ಹೋಗುತ್ತಾರೆ ಪುಟ್ಟ. ಹತ್ತಿರವೇ ಇದೆ.”

“ಹತ್ತಿರ ಎಂದರೆ ಎಷ್ಟು? ನಡೆದೇ ಹೋಗಬಹುದೆ?”

“ನಡೆಯಬಹುದಾದವರು ಹೋಗುವ ಸ್ಥಳವಲ್ಲ ಅದು” ಎಂದು ತಾತ ಹೇಳಿದಾಗ ಅಡುಗೆಮನೆಯಲ್ಲಿದ್ದವರೂ ನಕ್ಕರು.

ಕೇವಡಾತಲಾ ಎಂಬ ಹೆಸರನ್ನು ದಕ್ಷಿಣ ಕಲ್ಕತ್ತೆಯ ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಕಾಳೀಘಾಟಿನ ಸಮೀಪ, ಆದಿಗಂಗೆಯ ದಂಡೆಯ ಮೇಲಿರುವ ಈ ಸ್ಮಶಾನದಲ್ಲಿ 1925ರಲ್ಲಿ ದೇಶಬಂಧು ಚಿತ್ತರಂಜನ ದಾಸರ ಅಂತ್ಯಕ್ರಿಯೆ ನಡೆಯಿತು. 1929ರಲ್ಲಿ ಲಾಹೋರಿನ ಸೆರೆಮನೆಯಲ್ಲಿ ಉಪವಾಸವಿದ್ದು ಮಡಿದ ಜತೀಂದ್ರನಾಥ ದಾಸರನ್ನು ಇಲ್ಲಿಗೇ ತಂದರು. 1992ರಲ್ಲಿ ಸತ್ಯಜಿತ್ ರಾಯ್ ಅವರೂ ಇಲ್ಲೇ ಬೂದಿಯಾದರು. ಉತ್ತರದ ನಿಮತಲಾ ಘಾಟ್ ಇದಕ್ಕಿಂತಲೂ ಪ್ರಖ್ಯಾತ. ನಿಮತಲಾ ಎಂದರೆ ಬೇವಿನ ಮರದಡಿ. 1941ರ ಆಗಸ್ಟ್ 7ರಂದು ರವೀಂದ್ರನಾಥ ಠಾಕೂರರ ದಹನ ನಡೆದದ್ದು ಅಲ್ಲಿ. ಕಲ್ಕತ್ತೆಯ ಗದ್ದಲ ಜಯಘೋಷಗಳ ನಡುವೆ ಅಲ್ಲ, ಶಾಂತಿನಿಕೇತನದ ತೆರೆದ ಆಕಾಶದ ಕೆಳಗೆ ಮಣ್ಣು ಸೇರಬೇಕೆಂದು ಅವರು ಆಪ್ತರಲ್ಲಿ ಹೇಳಿಕೊಂಡಿದ್ದರು. ನಡೆದದ್ದು ಅದಕ್ಕೆ ತೀರ ವಿರುದ್ಧ. ಲಕ್ಷೋಪಲಕ್ಷ ಜನ ನುಗ್ಗಿದರು. ನೆನಪಿಗೆಂದು ಕವಿಯ ಗಡ್ಡದ ಕೂದಲನ್ನೇ ಕಿತ್ತುಕೊಂಡವರಿದ್ದರು. ವಿಶ್ವವನ್ನೇ ಮಾತಿನಿಂದ ಗೆದ್ದವರ ಕೊನೆಯ ಮಾತಿಗೇ ಈ ಗತಿಯಾದರೆ, ಬಾಯಿಬಿಟ್ಟು ಹೇಳದೆಯೇ ಹೊರಟುಹೋಗುವ ಸಾಮಾನ್ಯರ ಗತಿಯೇನು!

ನಮ್ಮ ನಾಡಿನಲ್ಲಿ ಇದಕ್ಕೆ ವ್ಯತಿರಿಕ್ತವಾದ ನಿದರ್ಶನಗಳೂ ಇವೆ. 1994ರ ನವೆಂಬರಿನಲ್ಲಿ ಕುವೆಂಪು ಮೈಸೂರಿನಲ್ಲಿ ನಿಧನರಾದಾಗ ಅವರ ಪಾರ್ಥಿವ ಶರೀರವನ್ನು ಮಲೆನಾಡಿನ ಕುಪ್ಪಳಿಗೆ ಒಯ್ದು, ಅವರು ಬಾಳಿನುದ್ದಕ್ಕೂ ಪ್ರೀತಿಸಿದ ಕವಿಶೈಲದಲ್ಲಿ ಸಂಸ್ಕಾರ ಮಾಡಲಾಯಿತು. ಗಿರೀಶ ಕಾರ್ನಾಡರು 2019ರ ಜೂನ್ 10ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ಸರ್ಕಾರಿ ಗೌರವವಾಗಲಿ ಧಾರ್ಮಿಕ ವಿಧಿಗಳಾಗಲಿ ಇಲ್ಲದೆ ಬೆಂಗಳೂರಿನ ಕಲ್ಪಳ್ಳಿಯ ವಿದ್ಯುತ್ ಚಿತಾಗಾರದಲ್ಲಿ ಎಲ್ಲವೂ ಮುಗಿಯಿತು. ಒಬ್ಬರು ತಮ್ಮ ಬೆಟ್ಟಕ್ಕೆ ಹೋದರು, ಇನ್ನೊಬ್ಬರು ಹತ್ತಿರದ ವಿದ್ಯುತ್ ಕುಲುಮೆಗೆ. ಯಾವುದು ಮೇಲು ಎಂಬುದು ಪ್ರಶ್ನೆಯೇ ಅಲ್ಲ. ಹೊತ್ತವರಿಗೆ ಎಲ್ಲಿಗೆ ಒಯ್ಯಬೇಕೆಂಬ ಸಂದೇಹವಿರಲಿಲ್ಲ, ಅಷ್ಟೆ.

ಮತ್ತೆ ಲೇಕ್ ಮಾರ್ಕೆಟಿನ ಮನೆಗೆ. ಭಾನುವಾರ ಫೋನಿನಲ್ಲಿ ಮಗಳೂ ಚರ್ಚೆಯಲ್ಲಿ ಸೇರಿಕೊಂಡಳು. “ಅಪ್ಪಾ, ನೀವು ಎಲ್ಲಿಗೆ ಹೋದರೂ ಕೊನೆಗೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ತರಲೇಬೇಕು. ಗಾಂಧೀಜಿಯ ಚಿತಾಭಸ್ಮವನ್ನೇ 1948ರಲ್ಲಿ ಅಲ್ಲಿ ಬಿಟ್ಟಿದ್ದಾರೆ” ಎಂದು ಅವಳ ವಾದ.

“ಅಮ್ಮಾ ತಾಯೀ” ಎಂದರು ಯಜಮಾನರು, “ದೇಶದ ಜನ ಮಡಕೆ ಹಿಡಿದುಕೊಂಡು ಗಂಗೆಗೆ ಬರುತ್ತಾರೆ. ನೀನು ಗಂಗೆಯಿಂದ ಮಡಕೆ ಹೊತ್ತು ಕಾವೇರಿಗೆ ಹೋಗು ಎನ್ನುತ್ತೀಯೆ. ರೈಲಿನಲ್ಲಿ ಟಿ.ಟಿ. ಕೇಳಿದರೆ ಏನೆಂದು ಹೇಳುವುದು, ಎಕ್ಸ್‌ಪೋರ್ಟ್ ಎಂದೆ?”

ಮಾತಿನಲ್ಲಿ ಹಾಸ್ಯವಿದ್ದರೂ ವಿಚಾರ ಸುಳ್ಳಲ್ಲ. ಊರಿನ ಹಳೆಯ ಮನೆಗಳಲ್ಲಿ ಕಾಶಿಯಿಂದ ತಂದ ಗಂಗೆಯ ಗಿಂಡಿಯನ್ನು ಬಾಯಿ ಮುಚ್ಚಿ ದೇವರ ಮನೆಯಲ್ಲಿಟ್ಟು, ಪ್ರಾಣ ಹೋಗುವಾಗ ಒಂದು ಚಮಚ ಬಾಯಿಗೆ ಬಿಡಲೆಂದು ದಶಕಗಳ ಕಾಲ ಕಾಯುತ್ತಿದ್ದರು. ಕಲ್ಕತ್ತೆಯಲ್ಲಿ ಹೂಗ್ಲಿಯೇ ಗಂಗೆ. ಪಲ್ತಾದಲ್ಲಿಯೂ ಗಾರ್ಡನ್ ರೀಚಿನಲ್ಲಿಯೂ ಶುದ್ಧೀಕರಿಸಿದ ಅದೇ ನೀರು ನಗರದ ನಲ್ಲಿಗಳಲ್ಲಿ ಬರುತ್ತದೆ. ಐವತ್ತು ವರ್ಷ ಅದರಲ್ಲೇ ಬೇಳೆ ಬೇಯಿಸಿದ ಗೃಹಿಣಿ, “ನಮ್ಮವ್ವ ಒಂದು ಗಿಂಡಿಗೆ ಜನ್ಮವೆಲ್ಲ ಕಾದಳು. ನಾನು ಪಾತ್ರೆ ತೊಳೆದೇ ಗಂಗೆಯನ್ನು ಖರ್ಚು ಮಾಡಿದೆ” ಎಂದು ಹೇಳುವುದರಲ್ಲಿ ತಪ್ಪೇನಿದೆ? ಆದಿಗಂಗೆಯಂತೂ ಒಂದು ಕಾಲದಲ್ಲಿ ನದಿಯ ಮುಖ್ಯ ಹರಿವೇ ಆಗಿತ್ತು. 1770ರ ದಶಕದಲ್ಲಿ ವಿಲಿಯಂ ಟಾಲಿ ಎಂಬ ಅಧಿಕಾರಿ ಅದರ ಹೂಳೆತ್ತಿಸಿದ್ದರಿಂದ ಟಾಲಿಯ ನಾಲೆ ಎಂಬ ಹೆಸರು ಬಂದಿತು. ಇಂದು ಅದರ ನೀರನ್ನು ನೋಡಿದವರಿಗೆ ಭಕ್ತಿಗಿಂತ ಮೊದಲು ಮೂಗು ಎಚ್ಚರಗೊಳ್ಳುತ್ತದೆ ಎಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಇಷ್ಟಾದರೂ ಊರಿನ ಸೆಳೆತ ಬೇರೆಯೇ. ಲಿಂಗಾಯತ ಮನೆಗಳಲ್ಲಿ ಸ್ವಂತ ಹೊಲದಲ್ಲಿ, ತಂದೆತಾಯಿಗಳ ಪಕ್ಕದಲ್ಲಿ ಸಮಾಧಿಯಾಗಬೇಕೆಂಬ ಆಸೆ; ಕರಾವಳಿಯ ಹಲವು ಮನೆಗಳಲ್ಲಿ ತಮ್ಮದೇ ಹಿತ್ತಿಲಿನ ಮಾವಿನ ಮರ ಚಿತೆಗೆ ಆಗಬೇಕೆಂಬ ನಂಬಿಕೆ. ಹೊಲ ಮಾರಿಹೋಗಿ, ಹಿತ್ತಿಲಿನಲ್ಲಿ ಬೇರೊಬ್ಬರ ಮನೆ ಎದ್ದಿರುವಾಗಲೂ ಈ ಆಸೆ ಮಾತ್ರ ಹಳೆಯ ವಿಳಾಸಕ್ಕೇ ಕಾಗದ ಬರೆಯುತ್ತಿರುತ್ತದೆ. ಇದು ಕನ್ನಡಿಗರದೊಂದೇ ರೋಗವಲ್ಲ. ಈ ನಗರದ ಲೋಯರ್ ಸರ್ಕ್ಯುಲರ್ ರಸ್ತೆಯ ಸಮಾಧಿಭೂಮಿಯಲ್ಲಿ ಬಂಗಾಳಿಯ ಮಹಾಕವಿ ಮೈಕೇಲ್ ಮಧುಸೂದನ ದತ್ತರು ಮಲಗಿದ್ದಾರೆ. ಫ್ರಾನ್ಸು ಇಂಗ್ಲೆಂಡುಗಳನ್ನು ಸುತ್ತಿಬಂದು, ಸಾಲಸೋಲಗಳಲ್ಲಿ ಬೆಂದು, ಪತ್ನಿ ಹೆನ್ರಿಯೆಟ್ಟಾ ಸತ್ತ ಮೂರೇ ದಿನಗಳಲ್ಲಿ 1873ರ ಜೂನ್ 29ರಂದು ತೀರಿಕೊಂಡವರು. ತಮ್ಮ ಸಮಾಧಿಯ ಬರಹವನ್ನು ತಾವೇ ರಚಿಸಿಟ್ಟಿದ್ದರು. ದಾರಿಹೋಕನನ್ನು ನಿಲ್ಲಿಸಿ ಮಾತನಾಡಿಸುವ ಆ ಸಾಲುಗಳಲ್ಲಿ ಅವರು ಹೇಳಿಕೊಂಡಿರುವುದು ಕೀರ್ತಿಯನ್ನಲ್ಲ; ತಮ್ಮ ಹಳ್ಳಿ ಸಾಗರದಾಡಿ, ಅದರ ನದಿ ಕಪೋತಾಕ್ಷ, ಹೆತ್ತವರ ಹೆಸರು, ಇಷ್ಟೇ. ದೇಹ ಕಲ್ಕತ್ತೆಯಲ್ಲಿ, ವಿಳಾಸ ಊರಿನದು!

ಪಾರ್ಕ್ ಸ್ಟ್ರೀಟಿನ ಹಳೆಯ ಸಮಾಧಿಭೂಮಿಗೆ ಮೊಮ್ಮಗನನ್ನು ಕರೆದೊಯ್ದದ್ದು ತಾತನೇ. 1767ರಲ್ಲಿ ಆರಂಭವಾದ ಆ ತೋಟದಲ್ಲಿ ಏಷ್ಯಾಟಿಕ್ ಸೊಸೈಟಿಯ ಸ್ಥಾಪಕ ಸರ್ ವಿಲಿಯಂ ಜೋನ್ಸರ ಎತ್ತರದ ಗೋಪುರವಿದೆ. 1800ರಲ್ಲಿ ಇಪ್ಪತ್ತರ ಹರೆಯದಲ್ಲೇ ಕಾಲರಾದಂಥ ಹೊಟ್ಟೆಬೇನೆಗೆ ತುತ್ತಾದ ರೋಸ್ ಎಲ್ಮರ್ ಎಂಬ ಯುವತಿಯ ಸುರುಳಿ ಸ್ತಂಭವಿದೆ. ಕಲ್ಲುಗಳ ಮೇಲಿನ ವಯಸ್ಸುಗಳನ್ನು ಓದುತ್ತ ಹುಡುಗ ಅಚ್ಚರಿಗೊಂಡ. ಬಹುಪಾಲು ಹೆಸರುಗಳು ಮೂವತ್ತು ದಾಟಿರಲಿಲ್ಲ. ಬಂಗಾಳದಲ್ಲಿ ಬಿಳಿಯರ ಆಯುಸ್ಸು ಎರಡು ಮಳೆಗಾಲ ಎಂಬ ಮಾತೇ ಅಂದು ಇತ್ತು. ‘ತಾತ, ನೀವು ಎಷ್ಟು ಮಳೆಗಾಲ?’ ಎಂದು ಅವನು ಕೇಳಿದಾಗ ಯಜಮಾನರು ಬೆರಳು ಮಡಿಸಿ ಲೆಕ್ಕ ಹಾಕಿ, ‘ಇಲ್ಲಿಯದು ಐವತ್ತಮೂರು, ಪ್ರತಿಯೊಂದರಲ್ಲೂ ಮೊಣಕಾಲುದ್ದ ನೀರು’ ಎಂದರಂತೆ. ಶುದ್ಧ ನೀರು, ಲಸಿಕೆ, ಪ್ರತಿಜೈವಿಕ ಔಷಧಿಗಳು ನಮಗೆ ಕೊಟ್ಟಿರುವ ಮಳೆಗಾಲಗಳ ಸಂಖ್ಯೆಯನ್ನು ಆರೋಗ್ಯದ ಯಾವ ಲೇಖನಕ್ಕಿಂತಲೂ ಚೆನ್ನಾಗಿ ಆ ಕಲ್ಲುಗಳು ಹೇಳುತ್ತವೆ.

ಆದರೆ ದೊರೆತ ಹೆಚ್ಚಿನ ವರ್ಷಗಳಿಗೆ ಅವುಗಳದೇ ಆದ ತೆರಿಗೆಯಿದೆ. ಅರವತ್ತೈದು ದಾಟಿದವರಲ್ಲಿ ಮೂವರಲ್ಲಿ ಸುಮಾರು ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆಂದು ಲೋಕದ ವೈದ್ಯರು ಲೆಕ್ಕ ಹಾಕಿದ್ದಾರೆ. ಬೀಳುವುದು ಬೆಟ್ಟದ ಮೇಲಿಂದಲ್ಲ. ಬಚ್ಚಲುಮನೆಯ ಹೊಸ್ತಿಲಿನಲ್ಲಿ, ರಾತ್ರಿ ದೀಪ ಹಾಕದೆ ಎದ್ದಾಗ, ಸವೆದ ಹವಾಯಿ ಚಪ್ಪಲಿಯಿಂದ. ಲಿಫ್ಟಿಲ್ಲದ ಹಳೆಯ ಮೂರಂತಸ್ತಿನ ಮನೆಗಳು ಈ ನಗರದಲ್ಲಿ ಬೇಕಾದಷ್ಟಿವೆ. ಬಚ್ಚಲಿನಲ್ಲಿ ಒಂದು ಕೈಹಿಡಿ, ಹಾಸಿಗೆಯ ಪಕ್ಕದಲ್ಲಿ ಒಂದು ಸಣ್ಣ ದೀಪ, ರಕ್ತದೊತ್ತಡದ ಮಾತ್ರೆ ನುಂಗಿದವರು ತಟ್ಟನೆ ಏಳದಿರುವುದು, ಕನ್ನಡಕದ ಸಂಖ್ಯೆಯನ್ನು ಆಗಾಗ ಪರೀಕ್ಷಿಸಿಕೊಳ್ಳುವುದು. ಇವುಗಳ ವೆಚ್ಚ ಒಂದು ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯ ಮುಂದೆ ಏನೂ ಅಲ್ಲ.

ಬುದ್ಧಿ ಹೇಳುವುದು ಸುಲಭ. ಯಜಮಾನರು ಬಿದ್ದದ್ದು ಪೂಜೆಯ ರಜೆ ಮುಗಿದ ವಾರ, ಬಚ್ಚಲಿನಲ್ಲೇ. ಸೊಂಟ ಉಳಿಯಿತು, ಎದೆಗೆ ಕಫ ಕಟ್ಟಿ ನ್ಯುಮೋನಿಯಾ ಹಿಡಿಯಿತು. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಮೂರನೆಯ ರಾತ್ರಿ ತುರ್ತುಘಟಕದ ಬಾಗಿಲಲ್ಲಿ ಮಗನ ಕೈಗೆ ಒಂದು ಕಾಗದ ಬಂದಿತು. ಉಸಿರಾಟದ ಯಂತ್ರ ಬೇಕಾದರೆ ಹಾಕಬೇಕೆ, ಬೇಡವೆ? ಹಾಕಿದರೆ ಎಷ್ಟು ದಿನ? ತಂದೆಯವರ ಅಭಿಪ್ರಾಯವೇನಾದರೂ ತಿಳಿದಿದೆಯೆ? ಐವತ್ತು ವರ್ಷ ಒಂದೇ ಸೂರಿನಡಿ ಬಾಳಿದ ಮಗನಿಗೆ ತಂದೆಗೆ ಯಾವ ಪಲ್ಯ ಸೇರದೆಂದು ತಿಳಿದಿತ್ತು, ಯಾವ ಕಂಪನಿಯ ಷೇರುಗಳಿವೆಯೆಂದು ತಿಳಿದಿತ್ತು. ಇದು ಮಾತ್ರ ತಿಳಿದಿರಲಿಲ್ಲ. ಅಷ್ಟು ದಿನ ನಕ್ಕ ಮಾತುಗಳಲ್ಲಿ ಸ್ಮಶಾನದವರೆಗಿನ ದಾರಿಯೆಲ್ಲ ಬಂದಿತ್ತು, ಅದಕ್ಕೆ ಮುಂಚಿನ ಒಂದು ತಿರುವು ಬಂದಿರಲಿಲ್ಲ. ಅದೃಷ್ಟವಶಾತ್ ಬೆಳಗಾಗುವುದರೊಳಗೆ ಜ್ವರ ಇಳಿಯಿತು; ಯಂತ್ರ ಬೇಕಾಗಲಿಲ್ಲ.

ಈ ತಿರುವನ್ನು ಕುರಿತು ನಮ್ಮ ದೇಶದ ಕಾನೂನು ಬೆಳೆದ ಕಥೆಯಲ್ಲಿ ಒಬ್ಬ ಕನ್ನಡತಿಯ ಹೆಸರು ಅಳಿಸಲಾಗದಂತೆ ಸೇರಿಕೊಂಡಿದೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ 1973ರ ಭೀಕರ ಹಲ್ಲೆಯ ಬಳಿಕ 42 ವರ್ಷ ಪ್ರಜ್ಞೆ ಮರಳದ ಸ್ಥಿತಿಯಲ್ಲಿ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದು 2015ರ ಮೇ ತಿಂಗಳಲ್ಲಿ ತೀರಿಕೊಂಡರು. ಆಕೆಯ ಪ್ರಕರಣದಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ಮಾತುಗಳೇ ಮುಂದಿನ ವಿಚಾರಕ್ಕೆ ದಾರಿ ತೆರೆದವು. ಗುಣವಾಗುವ ಆಸೆಯಿಲ್ಲದ ಅಂತಿಮ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂಬುದನ್ನು ಮೊದಲೇ ಬರೆದಿಡುವ ಹಕ್ಕನ್ನು 2018ರ ಮಾರ್ಚ್ 9ರಂದು ಐವರು ನ್ಯಾಯಾಧೀಶರ ಪೀಠ ಮನ್ನಿಸಿತು. ಆಗ ಹಾಕಿದ್ದ ಕಠಿಣ ವಿಧಿಗಳನ್ನು 2023ರ ಜನವರಿಯಲ್ಲಿ ಸಡಿಲಿಸಲಾಯಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿಯಿಂದ ಇಲ್ಲವೇ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮ್ಮ ಪರವಾಗಿ ಮಾತನಾಡಬೇಕಾದವರ ಹೆಸರನ್ನು ಅದರಲ್ಲಿ ಬರೆಯಬಹುದು, ಮನಸ್ಸು ಬದಲಾದರೆ ಪತ್ರವನ್ನು ಹಿಂತೆಗೆದುಕೊಳ್ಳಬಹುದು.

ಮನೆಗೆ ಮರಳಿದ ಯಜಮಾನರು ಸ್ವಲ್ಪ ಮೆತ್ತಗಾಗಿದ್ದರು. ಮಾತಿನ ಚುರುಕು ಮಾತ್ರ ಹಾಗೆಯೇ ಇತ್ತು. “ಮೇಲಿನವರು ಅರ್ಜಿಯನ್ನು ತಿರಸ್ಕರಿಸಿದರು. ದಾಖಲೆಗಳು ಅಪೂರ್ಣವಂತೆ” ಎಂದರು. ಆ ಸಂಜೆ ಅವರೇ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ತೆರೆಸಿದರು. ಗುಣವಿಲ್ಲವೆಂದ ಮೇಲೆ ಯಂತ್ರ ಬೇಡ, ನೋವು ತಗ್ಗಿಸಲಿ ಸಾಕು. ಕೇವಡಾತಲಾ ಆಗಬಹುದು. ಬೂದಿ ಎಲ್ಲಿಗೆಂಬುದು ಮಗಳ ಇಷ್ಟ, ರೈಲಿನ ಖರ್ಚೂ ಅವಳದೇ. ಇಷ್ಟು ಬರೆಸಿ ಹೆಂಡತಿಯತ್ತ ತಿರುಗಿ, “ನಿನ್ನದು ಹೇಳೇ. ನಿನ್ನನ್ನು ಊರಿಗೇ ಒಯ್ಯಿಸುತ್ತೇನೆ, ನಿಮ್ಮಪ್ಪನ ಹೊಲದ ಹತ್ತಿರಕ್ಕೆ. ವಿಮಾನದಲ್ಲಿಯೇ” ಎಂದರು.

ಗೃಹಿಣಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನನ್ನನ್ನು ಊರಿಗೆ ಒಯ್ಯಬೇಡಿರಿ.”

ಎಲ್ಲರೂ ಬೆರಗಾದರು. ಪ್ರತಿ ದೀಪಾವಳಿಗೂ ಊರು ಊರು ಎಂದು ಕಣ್ಣೀರು ಹಾಕುತ್ತಿದ್ದವರು ಆಕೆಯೇ.

“ಅಲ್ಲಿ ನನ್ನ ಗುರುತು ಯಾರಿಗದ? ಅಣ್ಣ ಹೋದ, ಅತ್ತಿಗೆ ಹೋದಳು. ಮನೆ ಬಾಗಿಲು ಮುಚ್ಚೇದ. ಇಲ್ಲಿ ಮೀನಿನ ಅಂಗಡಿಯವನಿಗೂ ನಾನು ಗೊತ್ತು, ಒಂದು ದಿನ ಮೀನು ಕೊಂಡವಳಲ್ಲದಿದ್ದರೂ. ನಾನು ಸತ್ತರೆ ಕೆಳಗಿನ ಮನೆಯ ಬೌದಿ ಅಳತಾಳ. ಅಳುವವರು ಇದ್ದಲ್ಲೇ ಇರತೀನಿ. ಮತ್ತ, ಕಣ್ಣು ಕೊಡೋದು ಬರಕೋ. ಬೇಕಾದರೆ ದೇಹಾನೂ.”

ಪಕ್ಕದಲ್ಲಿ ಕುಳಿತಿದ್ದ ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಯಜಮಾನರಿಗೆ ಮಾತೇ ಹೊರಡಲಿಲ್ಲ. ಆಮೇಲೆ, “ದೇಹ ಕೊಟ್ಟರೆ ನಿನ್ನ ಮೊಣಕಾಲು ನೋಡಿ ವಿದ್ಯಾರ್ಥಿಗಳು ವೈದ್ಯವೃತ್ತಿಯನ್ನೇ ಬಿಟ್ಟಾರು” ಎಂದರು. ದನಿ ಮಾತ್ರ ತಮಾಷೆಯದಾಗಿರಲಿಲ್ಲ.

ದೇಹದಾನದ ವಿಷಯದಲ್ಲಿ ಕಲ್ಕತ್ತೆ ದೇಶಕ್ಕೇ ಒಂದು ಪಾಠಶಾಲೆ. 1835ರಲ್ಲಿ ಸ್ಥಾಪಿತವಾದ ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಮರುವರ್ಷವೇ ಪಂಡಿತ ಮಧುಸೂದನ ಗುಪ್ತರು ಜಾತಿಬಹಿಷ್ಕಾರದ ಭೀತಿಯನ್ನು ಬದಿಗೊತ್ತಿ ಶವಚ್ಛೇದನ ನಡೆಸಿದರು; ಅದಕ್ಕಾಗಿ ಫೋರ್ಟ್ ವಿಲಿಯಮ್ಮಿನಲ್ಲಿ ತೋಪು ಹಾರಿಸಿದರೆಂದು ಪ್ರತೀತಿ. ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ಇಲ್ಲಿನ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ತಮ್ಮ ಕರುಳಿನ ಕ್ಯಾನ್ಸರಿನ ಮೇಲೆಯೇ ಹಾಸ್ಯಪದ್ಯ ಬರೆದ ಧೀರರು ಅವರು. 1964ರಲ್ಲಿ ಭುವನೇಶ್ವರದಲ್ಲಿ ನಿಧನರಾದ ಅವರ ದೇಹ ಕಾಕಿನಾಡದ ರಂಗರಾಯ ಮೆಡಿಕಲ್ ಕಾಲೇಜನ್ನು ಸೇರಿತು. ಬ್ರೊಜೊ ರಾಯ್ ಎಂಬುವರು ಕಟ್ಟಿದ ‘ಗಣದರ್ಪಣ’ ಸಂಸ್ಥೆ 1980ರ ದಶಕದಿಂದ ಈ ಪ್ರಚಾರವನ್ನು ಬೀದಿಬೀದಿಗೆ ಒಯ್ದಿತು. 2010ರ ಜನವರಿಯಲ್ಲಿ ಮಾಜಿ ಮುಖ್ಯಮಂತ್ರಿ ಜ್ಯೋತಿ ಬಸು ಅವರ ದೇಹ ಎಸ್.ಎಸ್.ಕೆ.ಎಂ. ಆಸ್ಪತ್ರೆಗೆ ಹೋಯಿತು, 2024ರ ಆಗಸ್ಟಿನಲ್ಲಿ ಬುದ್ಧದೇವ ಭಟ್ಟಾಚಾರ್ಯರದು ಎನ್.ಆರ್.ಎಸ್. ಮೆಡಿಕಲ್ ಕಾಲೇಜಿಗೆ. ಬ್ರೊಜೊ ರಾಯ್ ಸ್ವತಃ 2021ರ ಮೇ ತಿಂಗಳಲ್ಲಿ ಕೋವಿಡ್ಡಿಗೆ ಬಲಿಯಾದಾಗ, ಆ ರೋಗದ ಪರಿಶೋಧನೆಗಾಗಿ ಅವರ ಶವಪರೀಕ್ಷೆ ನಡೆಯಿತು. ಕನ್ನಡನಾಡೂ ಹಿಂದೆ ಬಿದ್ದಿಲ್ಲ. ಬೈಲಹೊಂಗಲದ ವೈದ್ಯ ಬಸವಣ್ಣೆಪ್ಪ ರಾಮಣ್ಣವರರು ದಾನಮಾಡಿದ ದೇಹವನ್ನು 2010ರಲ್ಲಿ ಬೆಳಗಾವಿಯಲ್ಲಿ ವಿದ್ಯಾರ್ಥಿಗಳೆದುರು ಛೇದಿಸಿ ಪಾಠ ಹೇಳಿದವರು ಅವರ ಮಗನೇ ಆದ ಡಾ. ಮಹಾಂತೇಶರು. ಆ ಮಗನ ಎದೆಗಾರಿಕೆ ಎಲ್ಲರಿಗೂ ಬೇಕಾಗಿಲ್ಲ; ಆ ತಂದೆಯ ಸಹಿ ಸಾಕು.

ನೇತ್ರದಾನ ಇದಕ್ಕಿಂತ ಸುಲಭ. ವರನಟ ರಾಜ್‌ಕುಮಾರ್ 2006ರಲ್ಲಿ, ಪುತ್ರ ಪುನೀತ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಪುನೀತರ ಎರಡು ಕಣ್ಣುಗಳು ನಾಲ್ವರಿಗೆ ನೆರವಾದವು. ತೆಗೆಯುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲಕ್ಕಾಗಿ; ಮುಖ ವಿಕಾರವಾಗುವುದಿಲ್ಲ. ಕನ್ನಡಕ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಪೊರೆಯ ಶಸ್ತ್ರಚಿಕಿತ್ಸೆ ಯಾವುದೂ ಸಾಮಾನ್ಯವಾಗಿ ಅಡ್ಡಿಯಲ್ಲ. ಏಡ್ಸ್, ರೇಬಿಸ್, ಹೆಪಟೈಟಿಸ್, ರಕ್ತದ ನಂಜು ಇದ್ದರೆ ಆಗದು. ಆರು ಗಂಟೆಗಳೊಳಗೆ ನೇತ್ರಭಂಡಾರದವರು ಬರಬೇಕು. ಅಲ್ಲಿಯವರೆಗೆ ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಫ್ಯಾನನ್ನು ನಿಲ್ಲಿಸಬೇಕು. ಪ್ರತಿಜ್ಞಾಪತ್ರಕ್ಕೆ ಎಂದೋ ಸಹಿ ಹಾಕಿದ್ದರೂ ವ್ಯವಹಾರದಲ್ಲಿ ಮನೆಯವರ ಒಪ್ಪಿಗೆಯೇ ನಿರ್ಣಾಯಕ. ದೂರದ ಬಂಧುವೊಬ್ಬರು ‘ಕಣ್ಣಿಲ್ಲದೆ ಮೇಲಕ್ಕೆ ಹೇಗೆ ಹೋಗುವುದು’ ಎಂದು ತಕರಾರು ತೆಗೆದರೆ ಆರು ಗಂಟೆ ಕಳೆದುಹೋಗಲು ಬಹಳ ಹೊತ್ತು ಬೇಕಿಲ್ಲ. ದೇಹವೇ ಇಲ್ಲದಿದ್ದರೆ ಕ್ರಿಯಾದಿಗಳೇನು ಎಂಬ ಯಜಮಾನರ ಸಂದೇಹಕ್ಕೂ ಉತ್ತರವಿದೆ: ಶರೀರ ದೊರೆಯದಾಗ ದರ್ಭೆ, ಮುತ್ತುಗದ ಎಲೆಗಳಿಂದ ಪ್ರತಿಕೃತಿ ಮಾಡಿ ಸಂಸ್ಕಾರ ನಡೆಸುವ ವಿಧಿಯನ್ನು ಶಾಸ್ತ್ರಕಾರರು ಹಿಂದೆಯೇ ಹೇಳಿಟ್ಟಿದ್ದಾರೆ.

ಇನ್ನು ಕಾಗದಪತ್ರಗಳು. ಮರಣದ ನೋಂದಣಿ ನಡೆಯುವುದು ಮರಣ ಸಂಭವಿಸಿದ ಸ್ಥಳದಲ್ಲಿ, ಸ್ವಂತ ಊರಿನಲ್ಲಲ್ಲ. 1969ರ ಕಾಯಿದೆಯಂತೆ 21 ದಿನಗಳೊಳಗೆ ತಿಳಿಸಬೇಕು. ಮನೆಯಲ್ಲೇ ಸಾವು ಸಂಭವಿಸಿದರೆ ಕಾರಣವನ್ನು ಬರೆದುಕೊಡುವ ವೈದ್ಯರು ಬೇಕು. ನಡುರಾತ್ರಿ ಅಪರಿಚಿತ ವೈದ್ಯರು ಅದನ್ನು ಬರೆಯಲು ಹಿಂಜರಿಯುವುದು ಸಹಜ. ಆದ್ದರಿಂದ ಪಾಡೆಯಲ್ಲಿ ಒಬ್ಬ ಕಾಯಂ ಡಾಕ್ಟರರ ಪರಿಚಯವಿರುವುದು ಬದುಕಿಗೂ ಲೇಸು, ಅನಂತರಕ್ಕೂ ಲೇಸು. ದೇಹವನ್ನು ವಿಮಾನದಲ್ಲಿ ಊರಿಗೆ ಒಯ್ಯಬೇಕಾದರೆ ಮರಣಪತ್ರ, ದೇಹಸಂರಕ್ಷಣೆಯ ಪತ್ರ, ಪೊಲೀಸರ ನಿರಾಕ್ಷೇಪಣಾ ಪತ್ರ, ಮುಚ್ಚಿದ ಪೆಟ್ಟಿಗೆ ಇವೆಲ್ಲವೂ ಬೇಕು. ಬ್ಯಾಂಕಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ: ನಾಮಿನಿ ಹಣವನ್ನು ಪಡೆಯುವವನೇ ಹೊರತು ಅದರ ಒಡೆಯನಲ್ಲ, ಒಡೆತನವನ್ನು ಉಯಿಲು ಅಥವಾ ಉತ್ತರಾಧಿಕಾರದ ಕಾನೂನು ನಿರ್ಧರಿಸುತ್ತದೆ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದಾಗಿದೆ. ಇದನ್ನು ಕೇಳಿದ ಯಜಮಾನರು, “ಹಣಕ್ಕೆ ನಾಲ್ಕು ಜನ, ಹೊರಲಿಕ್ಕೂ ನಾಲ್ಕು ಜನ, ಸರ್ಕಾರ ಲೆಕ್ಕ ಸರಿಯಾಗಿಯೇ ಹಾಕಿದೆ” ಎಂದರು.

ಲೆಕ್ಕದ ಪುಸ್ತಕದ ಆ ಎರಡು ಹಾಳೆಗಳ ನಕಲು ಮಾಡಿ ಒಂದನ್ನು ಬೆಂಗಳೂರಿಗೆ ಕಳುಹಿಸಲಾಯಿತು. ನೋಟರಿಯ ಬಳಿಗೆ ಹೋಗುವಾಗ ಸಾಕ್ಷಿಯಾಗಿ ಕೆಳಗಿನ ಮನೆಯ ಬೌದಿಯೂ ಬಂದರು. ಗೃಹಿಣಿಯ ಇಚ್ಛೆಯ ಪಟ್ಟಿಯಲ್ಲಿ ಕಣ್ಣು, ದೇಹ, ಎರಡು ಜರತಾರಿ ಸೀರೆ ಯಾರಿಗೆಂಬುದರ ಕೆಳಗೆ ಇನ್ನೊಂದು ಸಾಲಿತ್ತು: ಹನ್ನೆರಡನೆಯ ದಿನ ಬಂದವರಿಗೆ ಹೋಳಿಗೆ ಆಗಬೇಕು, ಸಂದೇಶ್ ತರಿಸಿ ಕೈತೊಳೆದುಕೊಳ್ಳಬಾರದು. ಅದನ್ನು ಓದಿದ ಸೊಸೆ ತಕ್ಷಣ ತಲೆಯೆತ್ತಿ, “ಮಾ, ಹೂರಣದ ಹದ ನನಗೆ ಇನ್ನೂ ಬರುವುದಿಲ್ಲ” ಎಂದಳು. ಮುಂದಿನ ಭಾನುವಾರವೇ ಕಲಿಸುವುದೆಂದು ನಿರ್ಧಾರವಾಯಿತು.